ಲೈಸೆನ್ಸ್ ಅಂಗಡಿಯ ಚಾಕಲೇಟು

ನನ್ನ ಎರಡೂ ಕಾಲು ನೆಲ ಬಿಟ್ಟಿದ್ದವು!

ಕೊರಳಪಟ್ಟಿ ಅವನ ಮುಷ್ಟಿಯಲ್ಲಿತ್ತು. ಆರೂವರೆ ಅಡಿ ಆಳು. ತೋಳಿನ ತುಂಬ ಹಚ್ಚೆ. ಎದೆಯ ಮೇಲೆ ‘ಸೆಕ್ಯುರಿಟಿ’ ಅಂತ ಬಿಲ್ಲೆ.

“ಟ್ಯಾಬ್ಲೆಟ್ ಕೆಳಗಿಡು!” ಎಂದು ಇಂಗ್ಲಿಷಿನಲ್ಲಿ ಗುಡುಗಿದ.

“ಒಂದೇ ಸೆಕೆಂಡ್...”

“ಈಗಲೇ!”

ಇಟ್ಟೆ. ಉಸಿರಾಡಬೇಕಲ್ಲ! ಆದರೆ ಅಷ್ಟರಲ್ಲಿ ಪರದೆಯ ಮೇಲಿದ್ದ ಹೆಸರನ್ನು ಓದಿಯಾಗಿತ್ತು.

ಅದು ಅಮೆರಿಕದ ಸಿಯಾಟಲ್ ಪಕ್ಕದ ಶೋರ್‌ಲೈನಿನ ಒಂದು ಗಾಂಜಾ ಅಂಗಡಿ. ಹೌದು ಸ್ವಾಮಿ, ಸರಿಯಾಗಿಯೇ ಕೇಳಿಸಿಕೊಂಡಿರಿ. ಬೋರ್ಡು ಹಾಕಿಕೊಂಡು, ಸರ್ಕಾರದ ಲೈಸೆನ್ಸನ್ನು ಗೋಡೆಗೆ ತಗುಲಿಸಿಕೊಂಡು, ಹಾಡಹಗಲೇ ನಡೆಯುವ ಅಂಗಡಿ. ಒಳಗೆ ಒಡವೆ ಅಂಗಡಿಯ ಹಾಗೆ ಗಾಜಿನ ಕಪಾಟು, ಲೈಟು, ನಗುನಗುತ್ತಾ ಮಾತಾಡಿಸುವ ಹುಡುಗಿಯರು. ನಾನು ಅಲ್ಲಿಗೆ ಹೋಗಿದ್ದು ಕೊಳ್ಳಲು ಅಲ್ಲ. ಯಾರು ಕೊಂಡರು ಅಂತ ಕಂಡುಹಿಡಿಯಲು.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಚಂದ್ರಮೌಳಿ. ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷ ಇನ್ಶೂರೆನ್ಸ್ ಕಂಪನಿಗಳಿಗೆ ತನಿಖೆ ಮಾಡಿದವನು. ‘ಸತ್ತುಹೋದರು’ ಅಂತ ಮನೆಯವರು ಕ್ಲೇಮ್ ಹಾಕಿದವರನ್ನು ಬಾರ್‌ನಲ್ಲಿ ಹಿಡಿದು, ಜೀವ ಸಮೇತ ಆಫೀಸಿಗೆ ತಂದು ಕೂರಿಸಿದ್ದೇನೆ. ಈಗ ರೆಡ್‌ಮಂಡಿನ ಎಜುಕೇಶನ್ ಹಿಲ್‌ನಲ್ಲಿ ವಾಸ. ಹೆಂಡತಿ ಮಧುರಾಗೆ ಸಾಫ್ಟ್‌ವೇರ್ ಕೆಲಸ. ನನಗೆ ಅವಳ ವೀಸಾದ ಬಾಲದಲ್ಲಿ ಒಂದು ವೀಸಾ. ‘ಡಿಪೆಂಡೆಂಟ್’! ಆ ವೀಸಾದಲ್ಲಿ ದುಡಿಯುವ ಹಾಗಿಲ್ಲ.

ಹಾಗಾಗಿ ದುಡಿಯುವುದಿಲ್ಲ. ಸಹಾಯ ಮಾಡುತ್ತೇನೆ. ಮಗಳು ಯಾವನ ಜೊತೆ ಓಡಾಡುತ್ತಾಳೆ, ಮನೆ ರಿಪೇರಿಯವನು ಎಲ್ಲಿ ನಾಪತ್ತೆಯಾದ, ಇಂಥ ಸಹಾಯ. ಕೆಲಸ ಮುಗಿದ ಮೇಲೆ ಒಂದು ಡಬ್ಬಿ ಹುಳಿಪುಡಿ ಕೊಡುತ್ತಾರೆ. ಹದಿನಾಲ್ಕು ವರ್ಷದ ಅನುಭವಕ್ಕೆ ಹುಳಿಪುಡಿ!

ಅವತ್ತು ಮಧ್ಯಾಹ್ನ ಒಂದೂವರೆಗೆ ಪಕ್ಕದ ಊರು ಸಮಾಮಿಶ್‌ನಿಂದ ಮೇಘನಾ ಫೋನ್ ಮಾಡಿದ್ದಳು. ಮೈಸೂರಿನ ಹುಡುಗಿ. ಗಂಡ ಗಗನ್. ಇಬ್ಬರೂ ಸಾಫ್ಟ್‌ವೇರ್.

“ಸರ್... ಗಗನ್ ಗಾಂಜಾ ತಗೋತಿದಾನೆ!”

“ಯಾರ್ ಹೇಳಿದ್ದು?”

“ಅಂಗಡಿಯವ್ರೇ ಹೇಳಿದ್ರು! ಶನಿವಾರ ನನ್ ಫೋನಿಗೆ ಮೆಸೇಜ್ ಬಂದಿದೆ, ಈಗ ನೋಡ್ದೆ. ಥ್ಯಾಂಕ್ ಯೂ, ನಿಮಗೆ ತೊಂಬತ್ತು ಪಾಯಿಂಟ್ಸ್ ಸಿಕ್ಕಿದೆ ಅಂತ!”

ನನಗೆ ನಗು ಬಂತು, ತಡೆದುಕೊಂಡೆ. ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಹಾಲಿಗೆ ಹೋದರೂ, ಪೆಟ್ರೋಲಿಗೆ ಹೋದರೂ, ಚಪ್ಪಲಿಗೆ ಹೋದರೂ ಕೌಂಟರಿನಲ್ಲಿ ಮೇಘನಾ ನಂಬರೇ ಹೇಳಬೇಕು. ಮನೆಯವರ ಪಾಯಿಂಟ್ಸ್ ಎಲ್ಲ ಒಂದೇ ಕಡೆ ಸೇರಬೇಕು. ನಮ್ಮವರ ಅರ್ಧ ಮನೆಗಳಲ್ಲಿ ಇದೇ ಕತೆ. ಗಾಂಜಾ ಕೊಳ್ಳುವಾಗಲೂ ಪಾಯಿಂಟ್ಸ್ ಬಿಡದ ಜನ ನಾವು!

“ಗುರುವಾರ ಅವನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಸರ್. ಗಾಂಜಾ ತಗೋತೀರಾ ಅಂತ ಪ್ರಮಾಣ ಮಾಡ್ಸಿ ಕೇಳ್ತಾರಂತೆ. ಏನ್ ಮಾಡ್ಲಿ?”

ಅವಳ ಭಯ ಸುಳ್ಳಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಗಾಂಜಾ ಸರಿ. ವಾಷಿಂಗ್ಟನ್ ಡಿಸಿಯಲ್ಲಿ ಕೂತಿರುವ ಕೇಂದ್ರ ಸರ್ಕಾರಕ್ಕೆ ಅದು ಅಪರಾಧ. ಇಲ್ಲಿ ಹುಟ್ಟಿದವನು ಸೇದಿದರೆ ಹವ್ಯಾಸ. ವೀಸಾದವನು, ಗ್ರೀನ್ ಕಾರ್ಡಿನವನು ಹೌದು ಅಂತ ಒಪ್ಪಿಕೊಂಡರೆ ಗಂಟುಮೂಟೆ ಕಟ್ಟುವ ಪ್ರಸಂಗ ಬಂದರೂ ಬಂತು.

“ಅವನನ್ನ ಏನೂ ಕೇಳ್ಬೇಡಿ. ನಾನು ನೋಡ್ಕೊಂಡ್ ಬರ್ತೀನಿ,” ಎಂದೆ.

ಹೀಗೆ ಶೋರ್‌ಲೈನಿಗೆ ಬಂದೆ. ಬಾಗಿಲಲ್ಲೇ ಆ ಹಚ್ಚೆಯವನು ನನ್ನ ಡ್ರೈವಿಂಗ್ ಲೈಸೆನ್ಸನ್ನು ಯಂತ್ರಕ್ಕೆ ಹಿಡಿದ. ಇಪ್ಪತ್ತೊಂದು ತುಂಬಿದೆಯೇ ಅಂತ ಪರೀಕ್ಷೆ! ನನ್ನ ತಲೆಯಲ್ಲಿ ಕರಿಕೂದಲು ಹುಡುಕಿದರೆ ಇಪ್ಪತ್ತೊಂದು ಸಿಗಬಹುದು.

ಕೌಂಟರಿನ ಹುಡುಗಿ ರೂಲ್ಸ್ ಶುರು ಮಾಡಿದಳು. ಸೊಪ್ಪಾದರೆ ಒಂದು ಔನ್ಸ್, ಅಂದರೆ ಇಪ್ಪತ್ತೆಂಟು ಗ್ರಾಂ. ತಿನ್ನುವ ಪದಾರ್ಥ ಹದಿನಾರು ಔನ್ಸ್. ಚಾಕಲೇಟಿನ ಒಂದು ತುಂಡಿಗೆ ಹತ್ತು ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ ಇಲ್ಲ. ಮಕ್ಕಳ ಕೈಗೆ ಸಿಗಬಾರದು.

“ಎಲ್ಲಿ ಸೇದಬಹುದು?” ಎಂದು ಕೇಳಿದೆ.

“ರಸ್ತೆಯಲ್ಲಿ ಇಲ್ಲ. ಪಾರ್ಕಿನಲ್ಲಿ ಇಲ್ಲ. ಕಾರಿನಲ್ಲಿ ಇಲ್ಲ. ಹೋಟೆಲಿನಲ್ಲಿ ಇಲ್ಲ. ಬಾಡಿಗೆ ಮನೆಯ ಓನರ್ ಬೇಡ ಅಂದರೆ ಅಲ್ಲೂ ಇಲ್ಲ.”

ಕೊಳ್ಳುವುದಕ್ಕೆ ಅಂಗಡಿ ಇದೆ, ಸೇದುವುದಕ್ಕೆ ಜಾಗ ಇಲ್ಲ! ಭೇಷ್!

“ಪಾಯಿಂಟ್ಸ್ ಇದೆಯೇ?” ಎಂದಳು.

ಮೇಘನಾ ನಂಬರು ಹೇಳಿದೆ. ಹುಡುಗಿ ಒತ್ತಿದಳು. ಪರದೆ ನೋಡಿದಳು. ನನ್ನ ಮೀಸೆ ನೋಡಿದಳು. ಮತ್ತೆ ಪರದೆ ನೋಡಿದಳು.

“ಇದು... ನೀವಲ್ಲ, ಅಲ್ಲವೇ?”

ನಾನು ಅವಳ ಟ್ಯಾಬ್ಲೆಟ್ಟಿಗೆ ಕೈ ಹಾಕಿ, ಎತ್ತಿ ನನ್ನ ಕಡೆ ತಿರುಗಿಸಿಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಹಚ್ಚೆಯವನು ಬಂದು ಎತ್ತಿದ.

ಪರದೆಯ ಮೇಲಿದ್ದ ಹೆಸರು ಗಗನ್ ಅಲ್ಲ.

ಪ್ರೇಮಮ್ಮ!

ಗಗನ್‌ನ ತಾಯಿ. ಅರವತ್ತೊಂಬತ್ತು ವರ್ಷ. ನಂಜನಗೂಡಿನವರು. ಆರು ತಿಂಗಳಿಗೆ ಅಂತ ಮಗನ ಮನೆಗೆ ಬಂದವರು. ಶನಿವಾರ ಕೊಂಡದ್ದು ಡಾರ್ಕ್ ಚಾಕಲೇಟು. ಮೂರು ಡಬ್ಬಿ, ಡಬ್ಬಿಗೆ ಹತ್ತು ತುಂಡು.

ಹಚ್ಚೆಯವನು ನನ್ನನ್ನು ಬಾಗಿಲಾಚೆ ಪಾರ್ಕಿಂಗ್ ಲಾಟಿಗೆ ಎಸೆದ. ಮೊಣಕೈ ತರಚಿತು. ಎದ್ದು ಮೊದಲು ಮೇಘನಾಗೆ ಫೋನ್ ಹಚ್ಚಿದೆ.

“ನಿಮ್ಮತ್ತೆ ಎಲ್ಲಿ?”

“ಏರ್‌ಪೋರ್ಟಲ್ಲಿ ಸರ್. ಇವತ್ತು ಊರಿಗೆ ಹೊರಟ್ರು. ಗಗನ್ ಡ್ರಾಪ್ ಮಾಡಿ ಆಫೀಸಿಗೆ ಹೋದ. ಯಾಕೆ?”

“ಯಾವ ಫ್ಲೈಟು?”

“ದುಬೈ ಮೇಲೆ ಬೆಂಗ್ಳೂರು. ಐದು ಇಪ್ಪತ್ತಕ್ಕೆ. ಯಾಕೆ ಸರ್?”

“ಸೂಟ್‌ಕೇಸಲ್ಲಿ ಚಾಕಲೇಟ್ ಇದ್ಯಾ?”

“ಮೂರು ಕೆಜಿ! ಇಪ್ಪತ್ಮೂರು ಕೆಜಿ ದಾಟ್ತಿತ್ತು ಅಂತ ಡಬ್ಬಿಗಳನ್ನೆಲ್ಲ ಬಿಚ್ಚಿ ಬಿಸಾಕಿ, ಚಾಕಲೇಟೆಲ್ಲ ಒಂದೇ ಜಿಪ್‌ಲಾಕ್ ಕವರಿಗೆ ಸುರ್ದ್ರು. ಸರ್, ಏನಾಯ್ತು? ಗಗನ್ ಅಲ್ವಾ?”

“ಆಮೇಲ್ ಹೇಳ್ತೀನಿ.”

ಕಟ್ ಮಾಡಿದೆ.

ದುಬೈ! ಅಲ್ಲಿ ಬ್ಯಾಗು ಬದಲಾಯಿಸುವಾಗ ಯಂತ್ರಕ್ಕೋ ನಾಯಿಗೋ ಸಿಕ್ಕರೆ ಜೈಲು. ಅಲ್ಲಿ ತಪ್ಪಿಸಿಕೊಂಡರೆ ಬೆಂಗಳೂರಿನ ಕಸ್ಟಮ್ಸ್. ಅರವತ್ತೊಂಬತ್ತು ವರ್ಷದ ಹೆಂಗಸು, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಗಾಂಜಾ ಸಾಗಾಣಿಕೆ ಕೇಸಿನಲ್ಲಿ!

ಪ್ರೇಮಮ್ಮನಿಗೆ ಫೋನ್ ಮಾಡಿದೆ. ಸ್ವಿಚ್ಡ್ ಆಫ್. ಮನೆ ಬಿಡುವ ಮೊದಲೇ ಇಂಡಿಯಾ ಸಿಮ್ ಹಾಕಿಕೊಂಡಿರುತ್ತಾರೆ ಈ ಹಿರಿಯರು! ಗಗನ್‌ಗೆ ಮೂರು ಸಲ ಹಚ್ಚಿದೆ. ಮೂರು ಸಲವೂ ವಾಯ್ಸ್‌ಮೇಲ್. ಮೀಟಿಂಗು!

ಗಂಟೆ ಮೂರು ಹತ್ತು. ನಾಲ್ಕು ಇಪ್ಪತ್ತಕ್ಕೆ ಚೆಕ್-ಇನ್ ಕ್ಲೋಸ್. ನಡುವೆ ಇಡೀ ಸಿಯಾಟಲ್ ಅಡ್ಡ ಮಲಗಿತ್ತು.

ಐ-ಫೈವ್ ಹೆದ್ದಾರಿಗೆ ನುಗ್ಗಿದೆ. ಎರಡು ಮೈಲಿ ಹಾರಿದೆ. ಆಮೇಲೆ... ನಿಂತೆ! ಮುಂದೆ ಕೆಂಪು ಲೈಟುಗಳ ಜಾತ್ರೆ. ಎಡಗಡೆ ಕಾರ್‌ಪೂಲ್ ಲೇನು ಖಾಲಿ. ಇಬ್ಬರಿದ್ದರೆ ಮಾತ್ರ ಹೋಗಬೇಕು. ನಾನೊಬ್ಬನೇ.

ಹಾಳಾಗಿ ಹೋಗಲಿ ಅಂತ ನುಗ್ಗಿದೆ!

ಡೌನ್‌ಟೌನ್ ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಕೆಂಪು-ನೀಲಿ ದೀಪ ಕಾಣಿಸಿತು. ಪೊಲೀಸ್! ಹತ್ತಿರ ಬಂದ... ಇನ್ನೂ ಹತ್ತಿರ... ನನ್ನ ಅಂಗಿಗೆ ಆ ಅಂಗಡಿಯ ವಾಸನೆ ಹತ್ತಿತ್ತು. ‘ಎಲ್ಲಿಂದ ಬರ್ತಿದೀಯ?’ ಅಂದರೆ ಏನು ಹೇಳಲಿ? ಸಹಾಯ ಮಾಡಿ ಬರುತ್ತಿದ್ದೇನೆ ಅನ್ನಲೇ?

ಅವನು ನನ್ನನ್ನು ದಾಟಿ ಮುಂದಿನ ಪಿಕಪ್ ಟ್ರಕ್ಕನ್ನು ಹಿಡಿದ. ಅದರಲ್ಲೂ ಒಬ್ಬನೇ ಇದ್ದ. ಬಡಪಾಯಿ!

ನಾಲ್ಕು ಐದು. ಸೀ-ಟ್ಯಾಕ್ ಏರ್‌ಪೋರ್ಟು. ಕಾರನ್ನು ಪಾರ್ಕಿಂಗ್ ಗ್ಯಾರೇಜಿನಲ್ಲಿ ಓರೆಯಾಗಿ ನಿಲ್ಲಿಸಿ ಓಡಿದೆ. ಟರ್ಮಿನಲ್ಲಿನ ಕಾಲುಸೇತುವೆ ದಾಟಿದೆ. ಎಸ್ಕಲೇಟರನ್ನು ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಎಲ್ಲಿ? ಎಲ್ಲಿ ಈ ಹೆಂಗಸು?

ಕಂಡರು!

ವೀಲ್‌ಚೇರಿನಲ್ಲಿ! ದಿನಾ ಬೆಳಗ್ಗೆ ಮೂರು ಮೈಲಿ ವಾಕಿಂಗ್ ಮಾಡುವ ಹೆಂಗಸು! ಇಂಗ್ಲಿಷ್ ತಂಟೆ ಇಲ್ಲ, ಕ್ಯೂ ಇಲ್ಲ ಅಂತ ನಮ್ಮೂರ ಅಪ್ಪ-ಅಮ್ಮಂದಿರಿಗೆಲ್ಲ ಮಕ್ಕಳು ವೀಲ್‌ಚೇರ್ ಬುಕ್ ಮಾಡುತ್ತಾರೆ. ತಳ್ಳುವವನು ಗಟ್ಟಿ ಆಸಾಮಿ. ವೀಲ್‌ಚೇರ್ ಸಿಗುವುದೇ ತಡವಾಗಿತ್ತೇನೋ, ಜನರನ್ನು ಸೀಳಿಕೊಂಡು ಹೋಗುತ್ತಿದ್ದ.

“ಪ್ರೇಮಮ್ಮನವ್ರೇ! ನಿಲ್ಲಿ!”

ಕೇಳಲಿಲ್ಲ. ನಾನು ಓಡಿದೆ. ವೀಲ್‌ಚೇರ್ ಓಡಿತು. ನಲವತ್ತಾರು ವರ್ಷದ ಗಂಡಸು ಏದುಸಿರು ಬಿಡುತ್ತಾ ವೀಲ್‌ಚೇರಿನ ಹಿಂದೆ! ನೋಡಿದವರು ಏನೆಂದುಕೊಂಡರೋ. ಕೌಂಟರಿನ ಬಳಿ ಹಿಡಿದಾಗ ಸೂಟ್‌ಕೇಸ್ ತಕ್ಕಡಿಯ ಮೇಲೆ ಕೂತಾಗಿತ್ತು. ಬೆಲ್ಟು ಅರ್ಧ ಅಡಿ ದೂರ.

ತಕ್ಕಡಿಯಲ್ಲಿ ಇಪ್ಪತ್ನಾಲ್ಕು ಪಾಯಿಂಟ್ ಆರು.

“ತೂಕ ಹೆಚ್ಚಾಗಿದೆ, ಏನಾದರೂ ತೆಗೆಯಬೇಕು,” ಎಂದಳು ಕೌಂಟರಿನ ಹುಡುಗಿ.

ದೇವರಿದ್ದಾನೆ ಸ್ವಾಮಿ! ವಿಮಾನ ಕಂಪನಿಯ ತಕ್ಕಡಿಯಲ್ಲಿ ಕೂತಿದ್ದಾನೆ!

“ಅಯ್ಯೋ, ಚಂದ್ರಮೌಳಿ! ನನ್ನ ಕಳ್ಸೋಕೆ ಬಂದ್ಯೇನಪ್ಪಾ?” ಪ್ರೇಮಮ್ಮನ ಮುಖ ಅರಳಿತು.

“ಹೂಂ ಅಮ್ಮಾ. ಚಾಕಲೇಟ್ ಕವರ್ ತೆಗೀರಿ.”

“ಅದೊಂದ್ ಬೇಡ. ಗಗನಂದು ಹಳೇ ಶೂಸ್ ಇದೆ, ಅದನ್ ತೆಗಿ.”

“ಚಾಕಲೇಟ್ ತೆಗೀರಿ!”

“ಅರವತ್ತು ಮನೆಗೆ ಹಂಚ್ಬೇಕು ಕಣಪ್ಪಾ! ಅಮೆರಿಕದಿಂದ ಬರಿಗೈಲಿ ಹೋಗ್ಲಾ?”

ನಾನು ಸೂಟ್‌ಕೇಸನ್ನು ನೆಲಕ್ಕೆ ಎಳೆದು ಜಿಪ್ ಬಿಚ್ಚಿದೆ. ಸೀರೆ, ವಿಟಮಿನ್ ಡಬ್ಬಿ, ಬಾದಾಮಿ... ಕೆಳಗೆ ಕವರು! ಚಿನ್ನದ ಬಣ್ಣದ ಕಾಗದ, ಕೆಂಪು ಕಾಗದ, ಕಂದು ಕಾಗದ, ಎಲ್ಲ ಕಲಸುಮೇಲೋಗರ. ನಾನು ಒಂದು ಕಡೆ ಎಳೆದೆ. ಪ್ರೇಮಮ್ಮ ವೀಲ್‌ಚೇರಿನಿಂದ ಟಣ್ಣನೆ ಎದ್ದು ಬಂದು ಇನ್ನೊಂದು ಕಡೆ ಎಳೆದರು. ತಳ್ಳುವವನು ಬಾಯಿ ಬಿಟ್ಟುಕೊಂಡು ನೋಡಿದ.

“ಏನಾದರೂ ತೊಂದರೆಯೇ?”

ತಲೆಯೆತ್ತಿದೆ. ಬೂಟು. ಸೊಂಟದಲ್ಲಿ ಪಿಸ್ತೂಲು. ಏರ್‌ಪೋರ್ಟ್ ಪೊಲೀಸ್! ಕೈಯಲ್ಲಿ ನಾಯಿಯ ಹಗ್ಗ!

ಈ ನಾಯಿ ಬಾಂಬ್ ಮೂಸುವ ನಾಯಿಯೋ, ಗಾಂಜಾ ಮೂಸುವ ನಾಯಿಯೋ? ಮುಖ ನೋಡಿದರೆ ತಿಳಿಯುವುದಿಲ್ಲ.

“ಓವರ್‌ವೇಟ್, ಆಫೀಸರ್. ಬರೀ ಚಾಕಲೇಟು...”

“ಓಹೋ, ಚಾಕಲೇಟು!” ಎಂದು ನಕ್ಕ. ನಗುವಾಗ ಕವರನ್ನು ನೋಡಿದ.

ಅಷ್ಟು ಸಾಕಾಯಿತು! ಯಾರಾದರೂ ತಿಂಡಿಯ ಕಡೆ ನೋಡಿದರೆ ಕೊಡದೆ ಇರುವ ಜಾತಿಯಲ್ಲ ಪ್ರೇಮಮ್ಮ. ಕವರು ಬಿಚ್ಚಿ ಅವನ ಮುಂದೆ ಹಿಡಿದೇ ಬಿಟ್ಟರು!

“ಟೇಕ್, ಟೇಕ್! ಟೂ ತಗೊಳ್ಳಪ್ಪಾ!”

ಅವನ ಕೈ ಮುಂದೆ ಬಂತು. ಡ್ಯೂಟಿಯಲ್ಲಿರುವ ಪೊಲೀಸಿಗೆ, ಪಿಸ್ತೂಲು ಕಟ್ಟಿದವನಿಗೆ, ಗಾಂಜಾ...

ಕೈ ಅರ್ಧದಲ್ಲೇ ನಿಂತಿತು. “ಬೇಡ ಮೇಡಂ. ನನಗೆ ಶುಗರ್ ಇದೆ. ನಾಯಿಗೂ ಚಾಕಲೇಟ್ ಆಗುವುದಿಲ್ಲ.” ನಾಯಿ ಆಕಳಿಸಿತು. ಇಬ್ಬರೂ ಹೋದರು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

“ಅಮ್ಮಾ... ಪೊಲೀಸ್ನವ್ನಿಗೆ ಗಾಂಜಾ ಕೊಡ್ತಿದ್ರಲ್ಲ!”

ಪ್ರೇಮಮ್ಮ ನನ್ನನ್ನೇ ದಿಟ್ಟಿಸಿದರು. ಸಿಕ್ಕಿಬಿದ್ದವರ ಮುಖ ಹದಿನಾಲ್ಕು ವರ್ಷ ನೋಡಿದ್ದೇನೆ. ಇದು ಆ ಮುಖವಲ್ಲ.

“ಅದ್ರಲ್ಲಿರೋದು ಮೂವತ್ತೇ ಕಣಪ್ಪಾ. ಅವನ ಕೈಗೆ ಅದೇ ಸಿಗ್ಬೇಕಲ್ಲ!”

“ಯಾವ್ದು ಅಂತ ಗೊತ್ತಾಗುತ್ತಾ?”

“ಊರಿಗೋಗಿ ನಿಧಾನಕ್ಕೆ ಆರ್ಸೋಣ ಅಂದ್ಕೊಂಡೆ. ಕಂದು ಕಾಗ್ದದ್ದು. ಆದ್ರೆ ಕಂದು ಕಾಗ್ದದ್ದು ಬೇರೆ ಚಾಕಲೇಟೂ ಅವೆ.”

“ತಪ್ಪು ಅಂತ ಗೊತ್ತಿರ್ಲಿಲ್ವಾ?”

“ಏನ್ ತಪ್ಪು?” ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. “ಲೈಸೆನ್ಸ್ ಇರೋ ಅಂಗ್ಡಿ. ಪಾಸ್‌ಪೋರ್ಟ್ ತೋರ್ಸಿದೀನಿ. ಟ್ಯಾಕ್ಸ್ ಕಟ್ಟಿದೀನಿ. ಬಿಲ್ ಇಲ್ಲೈತೆ! ಬೆಂಗ್ಳೂರ್ ಕಸ್ಟಮ್ಸ್‌ನೋರು ಕೇಳಿದ್ರೆ ಕೊಡ್ಬೇಕಲ್ಲ ಅಂತ ಇಟ್ಕೊಂಡಿದೀನಿ.”

ಕಸ್ಟಮ್ಸ್‌ಗೆ ಗಾಂಜಾ ಬಿಲ್ಲು! ತನಿಖೆಯವರಿಗೆ ಕೆಲಸವೇ ಇಲ್ಲದಂತೆ ಮಾಡಿಬಿಡುತ್ತಿದ್ದರು.

“ಅಂಗ್ಡೀಲಿ ರೂಲ್ಸ್ ಕೊಟ್ಟಿರ್ತಾರಲ್ಲಮ್ಮಾ, ಓದ್ಲಿಲ್ವಾ?”

“ಪೂರ್ತಿ ಓದಿದೀನಿ! ಶೋರ್‌ಲೈನಲ್ಲಿ ಅನಸೂಯಮ್ಮ ಇಲ್ವಾ, ಅವರೇ ಕಾರಲ್ಲಿ ಕರ್ಕೊಂಡೋಗಿದ್ದು. ಇಬ್ರೂ ಕನ್ನಡ್ಕ ಹಾಕ್ಕೊಂಡು ಓದಿದ್ವಿ. ಬೇರೆ ಸ್ಟೇಟಿಗೆ ತಗೊಂಡೋಗ್ಬಾರ್ದು ಅಂತ ಬರ್ದಿತ್ತು. ನಾನ್ಯಾವ್ ಸ್ಟೇಟಿಗೂ ಹೋಗ್ತಿಲ್ವಲ್ಲ. ಇಂಡಿಯಾಗ್ ಹೋಗ್ತಿದೀನಿ!”

ಅದಕ್ಕೆ ಏನು ಉತ್ತರ ಕೊಡುತ್ತೀರಿ? ಹೇಳಿ ನೋಡೋಣ!

“ಅಮ್ಮಾ, ದುಬೈಲಿ ಸಿಕ್ಕಿದ್ರೆ ಜೈಲು. ಬೆಂಗ್ಳೂರಲ್ಲಿ ಸಿಕ್ಕಿದ್ರೂ ಜೈಲು.”

“ಚಾಕಲೇಟ್ ಇದೇ ಅಲ್ವಾ?”

“ಇದೇ.”

“ನಾನೂ ನಾನೇ ಅಲ್ವಾ?”

“ನೀವೇ.”

“ಮತ್ತೇನ್ ಬದ್ಲಾಯ್ತಪ್ಪಾ?”

“ನೆಲ,” ಎಂದೆ.

ಕೌಂಟರಿನ ಹುಡುಗಿ ಗಡಿಯಾರ ತೋರಿಸಿದಳು. ಇನ್ನು ನಾಲ್ಕು ನಿಮಿಷ. ಪ್ರೇಮಮ್ಮ ಕವರಿನ ಮೇಲಿಂದ ಕೈ ತೆಗೆಯಲಿಲ್ಲ. ದನಿ ಮಾತ್ರ ಇಳಿಯಿತು.

“ನಮ್ ಸಾಕಮ್ಮಂಗೆ ಕಣಪ್ಪಾ. ನನ್ ತಂಗಿ. ಹೊಟ್ಟೇಲಿ ಕ್ಯಾನ್ಸರ್. ಕೀಮೋ ಕೊಡ್ತಾವ್ರೆ, ಒಂದ್ ತುತ್ತು ಅನ್ನ ಸೇರಲ್ಲ. ಫೋನ್ ಮಾಡ್ದಾಗೆಲ್ಲ ನರಳೋದೇ ಕೇಳ್ಸುತ್ತೆ. ಅನಸೂಯಮ್ಮನ ಗಂಡ ಕಾಯ್ಲೇಲಿದ್ದಾಗ ಇದೇ ತಿಂದು ಊಟ ಮಾಡ್ತಿದ್ರಂತೆ, ನಿದ್ದೆ ಮಾಡ್ತಿದ್ರಂತೆ. ಅದಕ್ಕೇ... ಒಂದ್ ತಿಂಗ್ಳಾದ್ರೂ ನಿದ್ದೆ ಮಾಡ್ಲಿ ಅಂತ.”

ಮೂವತ್ತು ತುಂಡು. ದಿನಕ್ಕೊಂದು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ಕವರನ್ನು ವಾಪಸ್ ಒಳಗೆ ತುರುಕಿ ಜಿಪ್ ಎಳೆದುಬಿಡೋಣ ಅನ್ನಿಸಿತು. ಯಾರಿಗೆ ಗೊತ್ತಾಗುತ್ತದೆ? ಗೊತ್ತಾಗದೆಯೂ ಇರಬಹುದು. ಆದರೆ ಗೊತ್ತಾದರೆ ಸಾಕಮ್ಮ ನರಳುವುದು ಆಸ್ಪತ್ರೆಯಲ್ಲಿ, ಪ್ರೇಮಮ್ಮ ನರಳುವುದು ದುಬೈ ಜೈಲಿನಲ್ಲಿ.

“ನೀವು ಜೈಲಿಗ್ ಹೋದ್ರೆ ಅವ್ರ ಪಕ್ಕದಲ್ಲಿ ಕೂರೋರ್ ಯಾರಮ್ಮಾ?”

ಆಗ ಕೈ ತೆಗೆದರು.

ಕವರನ್ನು ನಾನು ಎತ್ತಿಕೊಂಡೆ. ಬಿಲ್ಲನ್ನೂ ಕಸಿದುಕೊಂಡೆ. ತಕ್ಕಡಿ ಇಪ್ಪತ್ತೊಂದು ಪಾಯಿಂಟ್ ಆರಕ್ಕೆ ಇಳಿಯಿತು. ಸೂಟ್‌ಕೇಸ್ ಬೆಲ್ಟಿನ ಮೇಲೆ ಹೊರಟಿತು. ಪ್ರೇಮಮ್ಮ ಮತ್ತೆ ವೀಲ್‌ಚೇರಿನಲ್ಲಿ ಕೂತರು. ಈ ಸಲ ನಿಜವಾಗಿಯೂ ಬೇಕಿತ್ತೇನೋ ಅನ್ನುವ ಹಾಗೆ ಕೂತರು.

“ಮೇಘನಾಗೆ ಹೇಳ್ಬೇಡಪ್ಪಾ. ಇನ್ಯಾವತ್ತೂ ಆ ಮನೆಗೆ ಸೇರ್ಸಲ್ಲ ನನ್ನ.”

“ಹೇಳಲ್ಲ.”

ಗ್ಯಾರೇಜಿಗೆ ಬಂದೆ. ಈಗ ನನ್ನ ಪಾಡು ಕೇಳಿ! ಡಬ್ಬಿ ಬಿಚ್ಚಿದ ಗಾಂಜಾವನ್ನು ಕಾರಿನೊಳಗೆ ಇಟ್ಟುಕೊಳ್ಳುವ ಹಾಗಿಲ್ಲ, ಡಿಕ್ಕಿಯಲ್ಲಿಡಬೇಕು. ಅದೂ ರೂಲ್ಸು. ಡಿಕ್ಕಿಯಲ್ಲಿಟ್ಟೆ. ಬಲಗಡೆ ಲೇನಿನಲ್ಲಿ, ಮದುವೆ ದಿಬ್ಬಣದ ಸ್ಪೀಡಿನಲ್ಲಿ ಮನೆಗೆ ಬಂದೆ. ಮೂರು ಕೆಜಿ ಚಾಕಲೇಟನ್ನು ಒಂದೊಂದಾಗಿ ಕಾಗದ ಬಿಚ್ಚಿ, ಕಾಫಿ ಚರಟದಲ್ಲಿ ಕಲಸಿ, ಕಸದ ಚೀಲಕ್ಕೆ ಹಾಕಿ ಗಂಟು ಕಟ್ಟಿದೆ. ಅದರಲ್ಲಿ ಮೂವತ್ತು ರಾತ್ರಿಯ ನಿದ್ದೆ ಇತ್ತು. ಯಾವುದು ಅಂತ ಗೊತ್ತಾಗಲಿಲ್ಲ.

ಮೇಘನಾ ಫೋನ್ ಬಂತು.

“ಹೇಳಿ ಸರ್! ಗಗನ್ ತಾನೆ?”

“ಅಲ್ಲ.”

“ಸುಳ್ಳು! ನನ್ ನಂಬರ್ ಮನೆಯವ್ರಿಗ್ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ! ಇನ್ಯಾರು ಕೊಡ್ತಾರೆ?”

ಹೇಳಲ್ಲ ಅಂತ ಪ್ರೇಮಮ್ಮನಿಗೆ ಮಾತು ಕೊಟ್ಟಾಗಿತ್ತು.

“ನಾನು.”

“...ಏನು?”

“ನಾನೇ ತಗೊಂಡಿದ್ದು. ಶನಿವಾರ. ನಿಮ್ ನಂಬರ್ ಬಾಯಿಗ್ ಬಂತು, ಕೊಟ್ಟೆ. ಸಾರಿ.”

ಒಂದು ಪ್ರಶ್ನೆ ಕೇಳಲಿಲ್ಲ ಸ್ವಾಮಿ! ಒಂದು ಅನುಮಾನ ಪಡಲಿಲ್ಲ! ಮಧ್ಯಾಹ್ನ ನಾನು ಅತ್ತೆಯ ಚಾಕಲೇಟು ವಿಚಾರಿಸಿದ್ದೂ ನೆನಪಾಗಲಿಲ್ಲ! “ಛೀ! ಮಧುರಾ ಪಾಪ, ದಿನಾ ದುಡ್ದು ಸಾಯ್ತಾಳೆ. ನೀವು ಮನೇಲ್ ಕೂತ್ಕೊಂಡು...” ಅಂದು ಕಟ್ ಮಾಡಿದಳು. ಕೆಲಸವಿಲ್ಲದ ಗಂಡಸಿನ ಮೇಲೆ ಏನು ಹೇಳಿದರೂ ಜನ ನಂಬುತ್ತಾರೆ. ಅವನೇ ಹೇಳಿದರೆ ಇನ್ನೂ ಬೇಗ ನಂಬುತ್ತಾರೆ.

ಮಧುರಾಗೆ ಮಾತ್ರ ನಿಜ ಹೇಳಿದೆ. ಅವಳು ನನ್ನ ತರಚಿದ ಮೊಣಕೈಗೆ ಮುಲಾಮು ಹಚ್ಚಿ, “ನಿಂಗೆ ಇದೇ ಆಗ್ಬೇಕು,” ಅಂದಳು.

ಮರುದಿನ ಮಧ್ಯಾಹ್ನದೊಳಗೆ ಸುದ್ದಿ ಸಮಾಮಿಶ್ ಪೂರ್ತಿ ಹಬ್ಬಿತ್ತು. ಗಣೇಶೋತ್ಸವದ ಕಮಿಟಿಯಿಂದ ನನ್ನ ಹೆಸರು ತೆಗೆದರು. ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಸಂಸ್ಕಾರದ ಬಗ್ಗೆ ಉದ್ದದ ಮೆಸೇಜು ಹಾಕಿದರು. ಎಪ್ಪತ್ತು ಜನ ಕೈ ಮುಗಿದರು. ಆಮೇಲೆ ಒಬ್ಬೊಬ್ಬರಾಗಿ, ಗ್ರೂಪಿನಲ್ಲಲ್ಲ, ನನಗೆ ಬೇರೆಯಾಗಿ ಮೆಸೇಜು ಕಳಿಸಲು ಶುರು ಮಾಡಿದರು. ‘ಸರ್, ಆ ಅಂಗಡೀಲಿ ಪಾರ್ಕಿಂಗ್ ಇದ್ಯಾ?’ ‘ಮೌಳಿಯವರೇ, ನಿದ್ದೆಗೆ ಯಾವುದು ಒಳ್ಳೇದು? ನನಗಲ್ಲ, ಫ್ರೆಂಡಿಗೆ.’ ಒಟ್ಟು ಹನ್ನೊಂದು ಮೆಸೇಜು. ಸಂಸ್ಕಾರದವರದೂ ಒಂದಿತ್ತು!

ಮೂರನೆಯ ದಿನ ನಂಜನಗೂಡಿನಿಂದ ಫೋನ್ ಬಂತು.

“ತಲ್ಪಿದೀನಪ್ಪಾ. ದುಬೈಲಿ ಬ್ಯಾಗ್ ಬಿಚ್ಚಿ ಎಲ್ಲಾ ತಡಕಿದ್ರಂತೆ, ಒಳಗಡೆ ಚೀಟಿ ಇಟ್ಟವ್ರೆ. ಏನೂ ಸಿಗ್ಲಿಲ್ಲ.” ಪ್ರೇಮಮ್ಮನ ದನಿ ಮೆಲ್ಲಗಿತ್ತು. ಹಿಂದೆ ಯಾರೋ ನರಳುತ್ತಿದ್ದರು. ಉಸಿರೆಳೆದಾಗೊಮ್ಮೆ, ಬಿಟ್ಟಾಗೊಮ್ಮೆ.

ನಾನು ಫೋನನ್ನು ಇನ್ನಷ್ಟು ಕಿವಿಗೆ ಒತ್ತಿಕೊಂಡೆ.

“ಸಾಕಮ್ಮ ಕೇಳ್ತಾವ್ಳೆ, ಅಮೆರಿಕದಿಂದ ನಂಗೇನ್ ತಂದೆ ಅಕ್ಕಾ ಅಂತ. ಏನ್ ಹೇಳ್ಲಪ್ಪಾ?”

“ಕಾನೂನು ತಂದಿದೀನಿ ಅನ್ನಿ,” ಎಂದೆ.